ಮೂರು ತಿಂಗಳ ಕಾಗದ

ಶ್ರದ್ಧಾಂಜಲಿ ಸಭೇಲಿ ನೀವೂ ನಾಲ್ಕು ಮಾತಾಡ್ಬೇಕಮ್ಮ ಅಂತ ಸಂಘದ ಹಳೇ ಅಧ್ಯಕ್ಷರು ಮನೆ ಬಾಗಿಲಿಗೇ ಬಂದು ಕರೆದ್ರು. ಬರಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳ್ದೆ. ಅವರು ಮುಖ ಸಣ್ಣ ಮಾಡ್ಕೊಂಡು, "ಅಂಥ ಪ್ರಾಮಾಣಿಕ ಮನುಷ್ಯನ ಬಗ್ಗೆ ನಾಲ್ಕು ಒಳ್ಳೇ ಮಾತಾಡೋಕೆ ನಿಮಗೇನಮ್ಮ ಕಷ್ಟ?" ಅಂದ್ರು. ಕಷ್ಟ ಇರೋದೇ ಆ ಪದದಲ್ಲಿ ಸ್ವಾಮಿ ಅನ್ನೋದು ಬಾಯಿ ತುದಿಗೆ ಬಂದಿತ್ತು. ನುಂಗ್ಕೊಂಡು, ಕಾಫಿ ಕೊಟ್ಟು ಕಳಿಸ್ದೆ.

ಸಭೆ ಆಯ್ತಂತೆ. ಫೋಟೋಗೆ ಹಾರ ಹಾಕಿದ್ರಂತೆ. ಒಬ್ಬರಾದ ಮೇಲೆ ಒಬ್ಬರು ಎದ್ದು ಪ್ರಾಮಾಣಿಕ, ಪ್ರಾಮಾಣಿಕ ಅಂತ ಹೇಳಿದ್ದೇ ಹೇಳಿದ್ದಂತೆ. ಹೇಳ್ಲಿ. ಸುಳ್ಳೇನಲ್ಲ. ಅಷ್ಟು ಪ್ರಾಮಾಣಿಕರನ್ನ ನಾನೂ ನನ್ನ ಜನ್ಮದಲ್ಲಿ ನೋಡಿಲ್ಲ. ಆದ್ರೆ ಆ ಪ್ರಾಮಾಣಿಕತೆ ನಮಗೆಲ್ಲ ಏನು ಮಾಡ್ತು ಅನ್ನೋದನ್ನ ಒಬ್ಬನೇ ಒಬ್ಬ ಬಾಯಿ ಬಿಟ್ಟು ಹೇಳಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡೋ ಧೈರ್ಯ ಇಲ್ಲದವರಿಗೆ ಇದೊಂದು ಒಳ್ಳೇ ನೆಪ. ನಾನು ಅವರು ಬದುಕಿದ್ದಾಗಲೇ ಆಡಿದ್ದೀನಿ, ಮುಖಕ್ಕೇ ಆಡಿದ್ದೀನಿ. ಹಾಗಾಗಿ ಈಗ ಬರೆಯೋಕೆ ನನಗೇನೂ ಅಂಜಿಕೆ ಇಲ್ಲ.

ಅವರನ್ನ ನಾವೆಲ್ಲ ಖಜಾಂಚಿಯವರು ಅಂತಲೇ ಕರೀತಿದ್ವಿ. ನಾನು ಟೈಪಿಸ್ಟ್ ಆಗಿ ಸೇರಿದ ಫ್ಯಾಕ್ಟರೀಲಿ ಅವರು ಅಕೌಂಟ್ಸ್ ಸೆಕ್ಷನ್ನಿನ ಹಿರಿಯರು. ನಮ್ಮ ನೌಕರರೆಲ್ಲ ಸೇರ್ಕೊಂಡು ಗೃಹ ನಿರ್ಮಾಣ ಸಂಘ ಅಂತ ಒಂದು ಕಟ್ಟಿದ್ರಲ್ಲ, ಅದರ ದುಡ್ಡು ಕಾಯೋ ಕೆಲಸ ಅವರ ಹೆಗಲಿಗೆ ಬಿದ್ದಿತ್ತು. ಸಂಬಳ ಇಲ್ಲದ ಕೆಲಸ. ತಿಂಗಳ ಸಂಬಳದಲ್ಲೇ ನಮ್ಮ ನಮ್ಮ ಪಾಲು ಮುರ್ಕೊಂಡು ಸಂಘಕ್ಕೆ ಹಾಕ್ತಿದ್ರು. ಊರಾಚೆ ಎಲ್ಲಾದ್ರೂ ಜಮೀನು ಸಿಕ್ಕಿದ ದಿನ ಎಲ್ಲರಿಗೂ ಒಂದೊಂದು ಸೈಟು. ಅಷ್ಟೇ ಆಸೆ.

ಆ ಆಸೆ ಎಷ್ಟು ದೊಡ್ಡದು ಅಂತ ಬಾಡಿಗೆ ಮನೇಲಿ ಬಾಳಿದವರಿಗೆ ಹೇಳ್ಬೇಕಾಗಿಲ್ಲ. ಹಲಸೂರಲ್ಲಿ ನಾವು ಎಷ್ಟು ಮನೆ ಬದಲಾಯಿಸಿದ್ವಿ ಅಂದ್ರೆ, ಪೋಸ್ಟ್‌ಮ್ಯಾನೇ ಒಂದಿನ, "ಅಮ್ಮಾ, ಈ ಸಲ ಎಲ್ಲಿ?" ಅಂತ ಕೇಳಿದ್ದ. ಒಬ್ಬ ಓನರ್ರಮ್ಮ ನಾನು ನಲ್ಲಿ ಹತ್ರ ಹೋದ್ರೆ ಕಿಟಕೀಲಿ ನಿಂತು ಕೊಡ ಎಣಿಸೋಳು. ಇನ್ನೊಬ್ಬನಿಗೆ ಒಂಬತ್ತು ಗಂಟೆಗೆ ಲೈಟ್ ಆರಿಸ್ಬೇಕು. ಮತ್ತೊಂದು ಮನೇಲಿ ನಮ್ಮತ್ತೆ ಗೋಡೆಗೆ ಮೊಳೆ ಹೊಡೆದು ದೇವರ ಪಟ ಹಾಕಿದ್ರು ಅಂತ ಮನೆ ಖಾಲಿ ಮಾಡಿಸಿದ್ರು. ಒಂದು ಮೊಳೆಗೆ! ನನ್ನ ಗಂಡ ಮೆಷಿನ್ ಶಾಪಲ್ಲಿ ಇಡೀ ದಿನ ಕಬ್ಬಿಣ ಕೊರೆದು ಬರೋ ಮನುಷ್ಯ. ಮನೆಗೆ ಬಂದು ಒಂದು ಮೊಳೆ ಹೊಡಿಯೋಕೆ ಯಾರದ್ದೋ ಅಪ್ಪಣೆ ಕೇಳ್ಬೇಕು ಅಂದ್ರೆ ಮೈಯೆಲ್ಲ ಉರಿಯುತ್ತಾ ಇಲ್ವಾ ಹೇಳಿ.

ಸರಿ, ಖಜಾಂಚಿಯವರ ವಿಷಯಕ್ಕೆ ಬರ್ತೀನಿ. ತೆಳ್ಳಗೆ ಉದ್ದಕ್ಕೆ ಇದ್ರು. ಬಿಳೀ ಅರ್ಧ ತೋಳಿನ ಶರಟು, ಮಳೆ ಇರಲಿ ಬಿಡಲಿ ಕೈಲೊಂದು ಕೊಡೆ. ಪೆನ್ಸಿಲ್ಲು ಹೆಬ್ಬೆರಳಷ್ಟಾದ್ರೂ ಬಿಸಾಡದೆ, ಹಳೇ ಪೆನ್ನಿನ ಮುಚ್ಚಳ ಸಿಗಿಸಿ ಬರೆಯೋರು. ಮನೇಲಿ ತಮಿಳು, ಆಫೀಸಲ್ಲಿ ಕನ್ನಡ, ಸಾಹೇಬರ ಮುಂದೆ ಇಂಗ್ಲಿಷು. ಮೂರರಲ್ಲೂ ಮಾತು ಕಮ್ಮಿ. ಸಂಘದ ಸಭೆ ಆದ್ರೆ ನಮಗೆಲ್ಲ ಖಾರಾಭಾತು ಕೇಸರಿಭಾತು ಇರ್ತಿತ್ತಲ್ಲ, ಅದನ್ನ ಅವರು ಮುಟ್ತಿರಲಿಲ್ಲ. "ಸಂಘದ್ದು ಬೇಡಮ್ಮಾ, ನಂದು ಇದೆ" ಅಂತ ಮನೆಯಿಂದ ತಂದ ಮಜ್ಜಿಗೆ ಕುಡಿಯೋರು. ಅಯ್ಯೋ, ಒಂದು ಚಮಚ ಕೇಸರಿಭಾತು ತಿಂದ್ರೆ ಸಂಘ ಮುಳುಗುತ್ತಾ ಸಾರ್ ಅಂತ ನಾನು ರೇಗಿಸಿದ್ರೆ, "ಒಂದು ಚಮಚದಿಂದಲೇ ಶುರುವಾಗೋದು" ಅನ್ನೋರು. ನಗು ಇಲ್ಲ ಮುಖದಲ್ಲಿ. ನಿಜವಾಗ್ಲೂ ಹಾಗೇ ನಂಬಿದ್ರು.

ಇವರು ಸಂಘದ ದುಡ್ಡನ್ನ ಎಲ್ಲಿ ಇಟ್ಟಿದ್ರು ಗೊತ್ತಾ? ಟ್ರೆಷರಿ ಬಿಲ್ಲು. ನಾವು ಅದನ್ನ ಮೂರು ತಿಂಗಳ ಕಾಗದ ಅಂತಿದ್ವಿ. ಮೊದಲ ಸಲ ನನಗೆ ಬಿಡಿಸಿ ಹೇಳಿದ್ದೂ ಅವರೇ. "ನೋಡಮ್ಮಾ, ಸರ್ಕಾರಕ್ಕೂ ನಮ್ಮ ಹಾಗೇ ತಿಂಗಳ ಕೊನೇಲಿ ಕೈ ಬರಿದಾಗುತ್ತೆ. ಆಗ ಅದು ಜನರ ಹತ್ರ ಸ್ವಲ್ಪ ದಿನಕ್ಕೆ ಕೈಗಡ ತಗೊಳ್ಳುತ್ತೆ. ನೂರು ರೂಪಾಯಿ ಅಂತ ಬರೆದ ಕಾಗದಾನ ನಮಗೆ ತೊಂಬತ್ತೊಂಬತ್ತು ಚಿಲ್ಲರೆಗೆ ಕೊಡುತ್ತೆ. ಮೂರು ತಿಂಗಳಾದ ಮೇಲೆ ತಗೊಂಡು ಹೋದ್ರೆ ಪೂರ್ತಿ ನೂರು ಕೊಡುತ್ತೆ. ಬಡ್ಡಿ ಅಂತ ಬೇರೆ ಇಲ್ಲ, ಆ ವ್ಯತ್ಯಾಸವೇ ನಮ್ಮ ಲಾಭ."

"ಮೂರು ತಿಂಗಳಿಗೆ ನೂರಕ್ಕೆ ಒಂದು ರೂಪಾಯಿನೂ ಪೂರ್ತಿ ಇಲ್ವಾ ಸಾರ್? ನಮ್ಮ ಬೀದಿ ಚೀಟೀಲಿ ಇದಕ್ಕಿಂತ ಜಾಸ್ತಿ ಬರುತ್ತೆ!"

"ಚೀಟಿಯವಳು ಓಡಿಹೋದ್ರೆ ಎಲ್ಲಿ ಹುಡುಕ್ತೀಯ? ಸರ್ಕಾರ ಎಲ್ಲಿಗೆ ಓಡುತ್ತೆ?" ಅಂದ್ರು. "ಅಂಚೆ ಕಚೇರೀಲಿ ಹಾಕಿದ್ರೆ ವರ್ಷಗಟ್ಟಲೆ ಸಿಕ್ಕಿಹಾಕ್ಕೊಳ್ಳುತ್ತೆ. ನಮಗೆ ಜಮೀನು ಇವತ್ತು ಸಿಗಬಹುದು, ನಾಳೆ ಸಿಗಬಹುದು. ದುಡ್ಡು ಕೈಗೆಟುಕೋ ಹಾಗೆ ಇರ್ಬೇಕು. ಅದಕ್ಕೇ ಮೂರೇ ತಿಂಗಳು."

ದುಡ್ಡು ಕೈಗೆಟುಕೋ ಹಾಗೆ ಇರ್ಬೇಕು ಅಂತ ಅವರ ಬಾಯಿಂದಲೇ ಬಂದ ಮಾತು ಇದು. ನೆನಪಿಟ್ಕೊಳ್ಳಿ.

ಆ ಕಾಗದ ದೊಡ್ಡ ಮೊತ್ತಕ್ಕೇ ಕೊಡ್ತಿದ್ದದ್ದು. ನಮ್ಮಂಥ ಒಬ್ಬೊಬ್ಬರ ಕೈಗೆ ಎಟುಕೋದಲ್ಲ, ಸಂಘ ಅಂತ ಸೇರಿದ್ರೇ ಆಗೋದು. ಗಡುವು ಮುಗಿದ ದಿನ ಅದನ್ನ ಸಿಟಿ ಕಡೆ ದೊಡ್ಡ ಬ್ಯಾಂಕಿಗೆ ಒಯ್ದು, ದುಡ್ಡು ಮಾಡಿಸಿ, ಅಲ್ಲೇ ಹೊಸ ಕಾಗದ ಬರೆಸ್ಕೊಂಡು ಬರ್ಬೇಕು. ಇದಕ್ಕೆ ಅವರು ಅರ್ಧ ದಿನ ಸ್ವಂತ ರಜೆ ಹಾಕೋರು. ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ಜೇಬುಗಳ್ಳರ ಕಾಟ ಅಂತ ಕಾಗದಾನ ಎಣ್ಣೆ ಬಟ್ಟೇಲಿ ಸುತ್ತಿ ಟಿಫನ್ ಕ್ಯಾರಿಯರ್ ಮೇಲಿನ ಡಬ್ಬೀಲಿ ಇಟ್ಕೊಂಡು ಹೋಗೋರು. ಕೆಳಗಿನ ಡಬ್ಬೀಲಿ ಊಟ. ಒಂದ್ಸಲ ಆ ಬ್ಯಾಂಕಿನ ಗುಮಾಸ್ತ ಕಾಗದ ಮೂಗಿಗೆ ಹಿಡಿದು, "ಏನ್ ಸಾರ್, ಇವತ್ತು ಪುಳಿಯೋಗರೇನಾ?" ಅಂದ್ನಂತೆ. ಇದನ್ನ ಅವರೇ ನನಗೆ ಹೇಳಿದ್ದು. ಆವತ್ತು ಮಾತ್ರ ನಕ್ಕಿದ್ರು.

ಅವರಿಗೆ ಯಾಕೆ ಇಷ್ಟೊಂದು ಹೆದರಿಕೆ ಅನ್ನೋದೂ ನನಗೆ ಗೊತ್ತಿತ್ತು. ಹೇಳದೇ ಹೋದ್ರೆ ಅನ್ಯಾಯ ಆಗುತ್ತೆ. ಒಂದಿನ ಬಸ್ಸಿಗೆ ಕಾಯ್ತಾ ನಿಂತಾಗ, ಎದುರಿನ ಒಂದು ಬಟ್ಟೆ ಅಂಗಡಿ ತೋರಿಸಿ, "ಅದು ನಾನು ಚಿಕ್ಕವನಾಗಿದ್ದಾಗ ಬ್ಯಾಂಕಾಗಿತ್ತಮ್ಮ" ಅಂದ್ರು. ಅವರ ತಂದೆ ದಂಡಿನಲ್ಲಿ, ಅಂದ್ರೆ ಕಂಟೋನ್ಮೆಂಟಲ್ಲಿ, ಗುಮಾಸ್ತಿಕೆ ಮಾಡಿ ಉಳಿಸಿದ್ದೆಲ್ಲ ಅದರಲ್ಲಿತ್ತಂತೆ. ಒಂದು ಬೆಳಿಗ್ಗೆ ಬಾಗಿಲು ತೆಗೀಲೇ ಇಲ್ಲ. ತಂದೆ ಮಗನ ಕೈ ಹಿಡ್ಕೊಂಡು ಮಧ್ಯಾಹ್ನದವರೆಗೂ ಆ ಬಾಗಿಲ ಮುಂದೆ ನಿಂತಿದ್ರಂತೆ, ಈಗ ತೆಗೀತಾರೆ, ಆಮೇಲೆ ತೆಗೀತಾರೆ ಅಂತ. "ನಮ್ಮಪ್ಪ ಆಮೇಲೆ ಜಾಸ್ತಿ ವರ್ಷ ಬದುಕಲಿಲ್ಲ" ಅಂದು ಬಸ್ ಬರೋ ಕಡೆ ನೋಡ್ತಾ ನಿಂತ್ರು.

ಅಷ್ಟೇ ಅಲ್ಲ, ಒಳ್ಳೇತನ ಬೇಕಾದಷ್ಟಿತ್ತು. ಫ್ಯಾಕ್ಟರೀಲಿ ದೊಡ್ಡ ಮುಷ್ಕರ ಆಗಿ ಸಂಬಳ ನಿಂತಾಗ ಒಂದಷ್ಟು ಜನ ಹೋಗಿ, ಸಂಘದ ದುಡ್ಡಲ್ಲಿ ಸ್ವಲ್ಪ ಸಾಲ ಕೊಡಿ ಸಾರ್ ಅಂತ ಗೋಗರೆದ್ರು. ಜಪ್ಪಯ್ಯ ಅಂದ್ರೂ ಕೊಡಲಿಲ್ಲ. ನಾವೆಲ್ಲ ಶಪಿಸಿದ್ವಿ. ಮಾರನೇ ದಿನ ನಮ್ಮನೆ ಬಾಗಿಲು ತಟ್ಟಿದ್ರು. ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಅಕ್ಕಿ ಚೀಲ. "ಇದು ನಮ್ಮ ರೇಷನ್ ಅಕ್ಕಿ, ಸಂಘದ್ದಲ್ಲ" ಅಂದು ಚೀಲ ಇಟ್ಟು, ಒಳಗೆ ಕೂಡ ಬರದೆ ಹೊರಟುಹೋದ್ರು. ನಮ್ಮನೆಗೊಂದೇ ಅಲ್ಲ, ಇನ್ನೂ ಕೆಲವರ ಮನೆಗೂ ಹೋಗಿದ್ರಂತೆ. ಇಂಥ ಮನುಷ್ಯನ ಮೇಲೆ ಕೋಪ ಮಾಡ್ಕೊಳ್ಳೋದು ಎಷ್ಟು ಕಷ್ಟ ನೋಡಿ. ಕೆಟ್ಟವನಾಗಿದ್ರೆ ಒಂದೇ ಸಲ ಬೈದು ಮರ್ತುಬಿಡ್ತಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಯುದ್ಧ ಮುಗಿದಿತ್ತು, ಎಲ್ಲದರ ಬೆಲೆ ಏರೋಕೆ ಶುರುವಾಗಿತ್ತು. ಆಗ ದೊಡ್ಡನೆಕ್ಕುಂದಿ ಕಡೆ ಒಂದು ಜಮೀನು ಇದೆ ಅಂತ ಸುದ್ದಿ ಬಂತು. ತಂದವನು ನಮ್ಮ ಫಿಟ್ಟರ್ ಭಾಯಿ. ಶಿವಾಜಿನಗರದವನು, ಸಂಘದ ಕಮಿಟಿ ಮೆಂಬರು, ಊರು ತುಂಬಾ ಪರಿಚಯ. ಜಮೀನಿನ ಯಜಮಾನ ಒಬ್ಬ ರೆಡ್ಡಿಯವರು. ಅವರಿಗೆ ಯಾವುದೋ ಕೋರ್ಟು ಕೇಸಿಗೆ ಅವಸರದಲ್ಲಿ ದುಡ್ಡು ಬೇಕಾಗಿತ್ತು, ಅದಕ್ಕೇ ಬೆಲೆ ಕೈಗೆಟುಕೋ ಹಾಗಿತ್ತು.

ಒಂದು ಭಾನುವಾರ ಸಂಸಾರ ಸಮೇತ ಎಲ್ಲರೂ ನೋಡೋಕೆ ಹೋದ್ವಿ. ಕೃಷ್ಣರಾಜಪುರ ಸ್ಟೇಷನ್ನಲ್ಲಿ ರೈಲು ಇಳಿದು, ಮಕ್ಕಳು ಮರಿ ಕಟ್ಕೊಂಡು ನಡೆದ್ವಿ. ರಾಗಿ ಕೊಯ್ದ ಹೊಲ, ಪಕ್ಕದಲ್ಲಿ ಸೀಬೆ ತೋಟ. ಗಾಳಿ ಏನು ಗಾಳಿ! ನನ್ನ ಗಂಡ ಹೆಜ್ಜೆ ಹಾಕಿ ಮೂವತ್ತು ನಲವತ್ತು ಅಡಿ ಅಳೆದು ನಾಲ್ಕು ಮೂಲೆಗೆ ಕಲ್ಲಿಟ್ರು. ನಾನು ಒಳಗೆ ಹೋಗಿ ನಿಂತು, "ಇಲ್ಲಿ ಅಡುಗೆಮನೆ, ಕಿಟಕಿ ಪೂರ್ವಕ್ಕೆ" ಅಂದೆ. ನಮ್ಮತ್ತೆ ಎಲ್ಲಿಂದಲೋ ಒಂದು ಕಲ್ಲು ತಂದು ಮಧ್ಯದಲ್ಲಿಟ್ಟು, ಇದು ದೇವರ ಮನೆ ಅಂದ್ರು. ಗೋಡೆಯಿಲ್ಲದ ಮನೇಲಿ ಓಡಾಡಿಬಿಟ್ವಿ ಕಣ್ರೀ ಆವತ್ತು.

ಖಜಾಂಚಿಯವರ ಹೆಂಡತೀನ ನಾನು ಮೊದಲು ನೋಡಿದ್ದೂ ಅಲ್ಲೇ. ಗಿಡ್ಡಕ್ಕೆ, ಗುಂಡಗೆ, ಬೊಟ್ಟು ದೊಡ್ಡದು. ಅವರೂ ಬಾಡಿಗೆ ಮನೆಯವರೇ, ಹಲಸೂರಲ್ಲೇ, ನಮಗಿಂತ ಹಳಬರು. ಒಬ್ಬಳೇ ಮಗಳು, ಮದುವೆಯಾಗಿ ಸೇಲಂ ಸೇರಿದ್ಲು. ಆಯಮ್ಮ ಹೊಂಗೆ ಮರದ ಕೆಳಗೆ ಕೂತು ರೆಡ್ಡಿಯವರನ್ನೇ ಹಿಡ್ಕೊಂಡಿದ್ರು. "ಇಲ್ಲಿ ಬಾವಿ ತೋಡಿದ್ರೆ ನೀರು ಎಷ್ಟು ಆಳಕ್ಕೆ ಸಿಗುತ್ತೆ? ಸಿಹಿ ನೀರಾ, ಉಪ್ಪು ನೀರಾ?" ಅಂತ. ಗಂಡನ ಕಡೆ ತಿರುಗಿ ತಮಿಳಲ್ಲಿ ಏನೋ ಅಂದ್ರು. ಖಜಾಂಚಿಯವರು ನಾಚ್ಕೊಂಡು ಕೊಡೆ ತುದೀಲಿ ನೆಲದ ಮೇಲೆ ಒಂದು ಗೆರೆ ಎಳೆದ್ರು. ಏನು ಸಾರ್ ಅದು ಅಂದೆ. "ಜಗಲಿ ಬೇಕಂತಮ್ಮ ಅವಳಿಗೆ" ಅಂದ್ರು.

ಇನ್ನೇನು ಆಗೇಹೋಯ್ತು ಅಂದ್ಕೊಂಡ್ವಿ. ಆಗ ರೆಡ್ಡಿಯವರು ಒಂದು ಮಾತು ಹೇಳಿ ಕಳಿಸಿದ್ರು. ಮುಂದಿನ ಶುಕ್ರವಾರದೊಳಗೆ ಮುಂಗಡ ಕೈಗೆ ಬರ್ಬೇಕು. ಇಲ್ಲಾಂದ್ರೆ ಬೇರೆಯವರು ಕಾದಿದ್ದಾರೆ.

ಸಂಘದ ದುಡ್ಡಷ್ಟೂ ಆಗ ಮೂರು ತಿಂಗಳ ಕಾಗದದಲ್ಲಿತ್ತು. ಗಡುವು ಮುಗಿಯೋಕೆ ಇನ್ನೂ ಎರಡು ವಾರದ ಮೇಲೆ ಬಾಕಿ.

ಇದಕ್ಕೆ ದಾರಿ ಇರಲಿಲ್ಲ ಅಂತಲ್ಲ. ಅದೇ ನನ್ನ ಸಂಕಟ. ಆ ಕಾಗದಾನ ಗಡುವಿಗೆ ಮುಂಚೆನೇ ಬ್ಯಾಂಕಿಗೆ ಕೊಟ್ರೆ ತಗೋತಾರೆ, ಉಳಿದ ದಿನಕ್ಕೆ ಅಂತ ಒಂದು ಸಣ್ಣ ಮೊತ್ತ ಮುರ್ಕೊಂಡು ಮಿಕ್ಕಿದ್ದನ್ನ ಕೈಗೆ ಕೊಡ್ತಾರೆ. ಫಿಟ್ಟರ್ ಭಾಯಿ ಬ್ಯಾಂಕಿಗೇ ಹೋಗಿ ಕೇಳ್ಕೊಂಡು ಬಂದಿದ್ದ. ಮುರ್ಕೊಳ್ಳೋದನ್ನ ಮೆಂಬರುಗಳಿಗೆಲ್ಲ ಹಂಚಿದ್ರೆ ತಲೆಗೆ ಒಂದು ಕಾಫಿ ದುಡ್ಡಿನಷ್ಟೂ ಬರ್ತಿರಲಿಲ್ಲ.

ಬುಧವಾರ ಸಂಜೆ ಫ್ಯಾಕ್ಟರಿ ಸ್ಕೂಲಿನ ಶೆಡ್ಡಲ್ಲಿ ತುರ್ತು ಸಭೆ. ಖಜಾಂಚಿಯವರು ಎದ್ದು, "ಗಡುವಿಗೆ ಮುಂಚೆ ಮಾರೋದು ಸಾಧ್ಯ ಇಲ್ಲ" ಅಂದ್ರು.

"ಯಾಕ್ ಸಾಬ್?" ಅಂದ ಭಾಯಿ. "ಬ್ಯಾಂಕ್‌ನೋರು ತಗೋತೀನಿ ಅಂತಾರೆ. ನಾನೇ ಕೇಳಿ ಬಂದೀನಿ."

"ತಗೋತಾರೆ. ಕಮ್ಮಿ ದುಡ್ಡಿಗೆ ತಗೋತಾರೆ. ಆಗ ನಮ್ಮ ಲೆಕ್ಕದಲ್ಲಿ ನಷ್ಟ ಅಂತ ಒಂದು ಸಾಲು ಬರೀಬೇಕಾಗುತ್ತೆ. ಈ ಸಂಘ ಶುರುವಾದ ದಿನದಿಂದ ನಾನು ಆ ಪದ ಬರೆದಿಲ್ಲ. ಇದು ನನ್ನ ದುಡ್ಡಲ್ಲ, ನಿಮ್ಮ ದುಡ್ಡು. ನಿಮ್ಮ ದುಡ್ಡಲ್ಲಿ ಒಂದು ಪೈಸೆ ಕಳೆಯೋ ಹಕ್ಕು ನನಗಿಲ್ಲ."

"ಸಾಬ್, ನಾವೇ ಕಳೀರಿ ಅಂತೀವಲ್ಲ! ಮಾಲೀಕ್ರು ನಾವೇ ತಾನೆ?" ಅಂತ ಭಾಯಿ ಕೈ ಮುಗಿದ. "ಚಾನ್ಸ್ ಹೋದ್ರೆ ಮತ್ತೆ ಬರಲ್ಲ ಸಾಬ್."

ಖಜಾಂಚಿಯವರು ಅಲ್ಲಾಡಲಿಲ್ಲ. ಎರಡು ವಾರ ತಡೀರಿ, ನಾನೇ ರೆಡ್ಡಿಯವರ ಹತ್ರ ಮಾತಾಡ್ತೀನಿ, ಅಸಲು ಭದ್ರವಾಗಿದೆ ಅಂದ್ರು.

ನನಗೆ ಪಿತ್ತ ನೆತ್ತಿಗೇರಿತು. ಆ ಶೆಡ್ಡಲ್ಲಿ ಹೆಂಗಸರು ಅಂತ ಇದ್ದದ್ದೇ ಬೆರಳೆಣಿಕೆಯಷ್ಟು. ನಾನು ಎದ್ದು ನಿಂತೆ.

"ಸಾರ್, ನಾವು ಹೊಟ್ಟೆಬಟ್ಟೆ ಕಟ್ಟಿ ದುಡ್ಡು ಹಾಕಿದ್ದು ಸರ್ಕಾರದ ಕಾಗದ ಕೊಳ್ಳೋಕಲ್ಲ, ಸೈಟ್ ಕೊಳ್ಳೋಕೆ. ನೀವು ಮೂರೇ ತಿಂಗಳದ್ದು ಅಂತ ಆರಿಸಿದ್ದು ಯಾಕೆ? ಜಮೀನು ಸಿಕ್ಕಿದಾಗ ದುಡ್ಡು ಕೈಗೆ ಸಿಗ್ಲಿ ಅಂತ. ಈಗ ಜಮೀನು ಸಿಕ್ಕಿದೆ, ನೀವು ಕೈ ಕಟ್ಕೊಂಡು ಕೂತಿದ್ದೀರ! ಇದು ಪ್ರಾಮಾಣಿಕತೆ ಅಲ್ಲ ಸಾರ್, ಇದು ನಿಮ್ಮ ಹಮ್ಮು. ನಿಮ್ಮ ಲೆಕ್ಕದ ಪುಸ್ತಕ ಮಡಿಯಾಗಿರ್ಲಿ ಅಂತ ನಮ್ಮನ್ನ ಬೀದೀಲಿ ನಿಲ್ಲಿಸ್ತೀರಾ?"

ಖಜಾಂಚಿಯವರ ಮುಖ ಬಿಳಿಚಿಕೊಳ್ತು. ಅಧ್ಯಕ್ಷರು ಮೇಜು ಕುಟ್ಟಿ, "ಕೂತ್ಕೊಳ್ಳಮ್ಮ, ಕೂತ್ಕೋ. ಹಿರಿಯರ ಹತ್ರ ಮಾತಾಡೋ ರೀತಿನಾ ಇದು?" ಅಂದ್ರು. ನಾನು ಕೂತೆ.

ಖಜಾಂಚಿಯವರು ಕೊಡೆ ತಗೊಂಡು ಎದ್ದು, "ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಈಗಲೇ ರಾಜೀನಾಮೆ ಕೊಡ್ತೀನಿ" ಅಂದ್ರು. ಅಷ್ಟು ಸಾಕಾಯ್ತು. ಛೆ ಛೆ, ಎಲ್ಲಾದ್ರೂ ಉಂಟೇ, ನಿಮ್ಮಂಥೋರು ಇನ್ನೆಲ್ಲಿ ಸಿಗ್ತಾರೆ ಅಂತ ಎಲ್ಲರೂ ಅವರನ್ನ ಕೂರಿಸೋಕೆ ಓಡಿದ್ರು. ಸಭೆಗೆ ಮುಂಚೆ ಹೊರಗಡೆ ಬೀಡಿ ಸೇದ್ತಾ ಇದೇ ಜನ, ಈ ಮುದುಕ ನಮ್ಮ ತಲೆ ಮೇಲೆ ಕಲ್ಲು ಹಾಕ್ತಾನೆ ಅಂತ ಗೊಣಗಿದ್ದನ್ನ ನಾನು ಕಿವಿಯಾರೆ ಕೇಳಿದ್ದೆ. ಮಾರೋಣ ಅನ್ನೋರು ಕೈ ಎತ್ತಿ ಅಂದಾಗ ಭಾಯೀದೊಂದು ಕೈ, ನಂದೊಂದು ಕೈ. ನನ್ನ ಗಂಡ ಮಷೀನ್ ಹತ್ರ ಸೆಕೆಂಡ್ ಶಿಫ್ಟಲ್ಲಿದ್ರು. ಇದ್ದಿದ್ರೆ ಮೂರಾಗ್ತಿತ್ತು, ಅಷ್ಟೇ. ದುಡ್ಡಿಲ್ಲದವರಿಗೆ ಪ್ರಾಮಾಣಿಕ ಮನುಷ್ಯ ಒಬ್ಬ ಸಿಕ್ಕಿದ್ರೆ ಸಾಕು, ಅವನ ಕಾಲ ಕೆಳಗೆ ತಮ್ಮ ಬುದ್ಧಿನೆಲ್ಲ ಹಾಸಿಬಿಡ್ತಾರೆ. ಖಜಾಂಚಿಯವರಿಗಿಂತ ಆ ಜನರ ಮೇಲೇ ನನಗೆ ಇವತ್ತಿಗೂ ಜಾಸ್ತಿ ಸಿಟ್ಟು.

ಖಜಾಂಚಿಯವರು ಹೇಳಿದ ಹಾಗೇ ಮಾರನೇ ದಿನ ರಜೆ ಹಾಕಿ ಕೃಷ್ಣರಾಜಪುರಕ್ಕೆ ರೈಲಲ್ಲಿ ಹೋಗಿ, ಅಲ್ಲಿಂದ ಬಿಸಿಲಲ್ಲಿ ನಡೆದು ರೆಡ್ಡಿಯವರ ಮನೆಗೆ ಹೋದ್ರು. ಎರಡು ವಾರ ತಡೀರಿ ಅಂತ ಕೇಳಿದ್ರು. ರೆಡ್ಡಿಯವರು ಮಜ್ಜಿಗೆ ಕೊಟ್ಟು, "ಸ್ವಾಮಿ, ನಿಮ್ಮ ಮಾತಲ್ಲಿ ನನಗೆ ಪೂರ್ತಿ ನಂಬಿಕೆ ಐತೆ. ಆದ್ರೆ ವಕೀಲ ತಡೀಬೇಕಲ್ಲ" ಅಂದ್ರಂತೆ. ಶನಿವಾರ ಆ ಜಮೀನು ಯಾವುದೋ ಕಾರ್ಖಾನೆ ಕಟ್ಟೋರ ಪಾಲಾಯ್ತು.

ಎರಡು ವಾರ ಕಳೀತು. ಕಾಗದದ ಗಡುವು ಮುಗೀತು. ಖಜಾಂಚಿಯವರು ಟಿಫನ್ ಕ್ಯಾರಿಯರ್ ಹಿಡ್ಕೊಂಡು ಬ್ಯಾಂಕಿಗೆ ಹೋಗಿ ಬಂದು, ಕಮಿಟಿ ಮುಂದೆ, "ಒಂದು ಪೈಸೆ ಕಮ್ಮಿ ಇಲ್ಲ, ಪೂರ್ತಿ ಬಂದಿದೆ" ಅಂದ್ರು. ಕಮಿಟಿಯವರು ಚಪ್ಪಾಳೆ ತಟ್ಟಿದ್ರು ಅಂದ್ರೆ ನೀವು ನಂಬ್ತೀರೋ ಇಲ್ವೋ. ಜಮೀನು ಹೋಗಿದೆ, ಚಪ್ಪಾಳೆ! ಆ ವರದೀನ ಟೈಪ್ ಮಾಡಿದವಳು ನಾನು. ಮಷೀನ್ ಕೀಲಿಗಳ ಮೇಲೆ ಎಷ್ಟು ಜೋರಾಗಿ ಕುಟ್ಟಿದೆ ಅಂದ್ರೆ ಕಾಗದ ತೂತು ಬಿತ್ತು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಅಕ್ಕಿ ಬೆಲೆ, ಸೀಮೆಎಣ್ಣೆ ಬೆಲೆ, ಎಲ್ಲ ಗಗನಕ್ಕೇರಿತು. ಜಮೀನಿನ ಬೆಲೆ ಅದಕ್ಕಿಂತ ಮೇಲೆ. ಸಂಘದ ದುಡ್ಡು ಮಾತ್ರ ನೂರಕ್ಕೆ ಒಂದು ರೂಪಾಯಿ ಲೆಕ್ಕದಲ್ಲಿ ತೆವಳ್ತಾ ಇತ್ತು. ಎರಡು ಮೂರು ಕಡೆ ನೋಡಿದ್ವಿ, ಒಂದೂ ಎಟುಕಲಿಲ್ಲ. ಆಮೇಲೆ ನಗರದ ಸುತ್ತ ಜಮೀನು ಕೊಳ್ಳೋದಕ್ಕೆ ಹೊಸ ಕಾನೂನು ಕಟ್ಟಳೆ ಅಂತ ಬಂತು. ಮೆಂಬರುಗಳು ಒಬ್ಬೊಬ್ಬರೇ ದುಡ್ಡು ವಾಪಸ್ ಕೇಳೋಕೆ ಶುರು ಮಾಡಿ, ಕೊನೆಗೆ ಸಂಘಾನೇ ಮುಚ್ಚಿದ್ರು. ಖಜಾಂಚಿಯವರು ಪ್ರತಿಯೊಬ್ಬರ ಮನೆಗೂ ತಾವೇ ಹೋಗಿ ಕವರು ಕೊಟ್ಟು ಬಂದ್ರು. ಅಸಲು, ಲಾಭ, ಚಿಲ್ಲರೆ ಪೈಸೆ ಕೂಡ ಒಳಗೆ. ನಮ್ಮನೆಗೂ ಬಂದ್ರು. ಸಭೆಯ ಜಗಳದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. "ಎಣಿಸ್ಕೊಳ್ಳಮ್ಮಾ" ಅಂದ್ರು. ಬೇಡ ಸಾರ್ ಅಂದೆ. "ಇಲ್ಲ, ಎಣಿಸ್ಬೇಕು" ಅಂತ ನಿಂತೇ ಇದ್ರು. ಎಣಿಸಿದೆ, ಸರಿಯಾಗಿತ್ತು. ಆ ದುಡ್ಡಲ್ಲಿ ಒಂದು ಹೊಲಿಗೆ ಮಿಷನ್ ಬಂತು. ಅಡುಗೆಮನೆ, ಪೂರ್ವದ ಕಿಟಕಿ, ದೇವರ ಮನೆ ಎಲ್ಲ ಸೇರಿ ಒಂದು ಹೊಲಿಗೆ ಮಿಷನ್ನು.

ಅವರು ರಿಟೈರ್ ಆದ್ರು. ಹಲಸೂರಲ್ಲಿ ಅದೇ ಬಾಡಿಗೆ ಮನೆ. ಮಾರ್ಕೆಟಲ್ಲಿ ಸಿಕ್ರೆ ನಮಸ್ಕಾರ ಅನ್ನೋರು, ನಾನೂ ಅಂತಿದ್ದೆ. ಅಷ್ಟರಲ್ಲೇ ಇತ್ತು. ಹೋದ ತಿಂಗಳು ಶಿವಾಜಿನಗರದ ಆಸ್ಪತ್ರೇಲಿ ಬೆಳಗಿನ ಜಾವ ಹೋಗ್ಬಿಟ್ರು ಅಂತ ಭಾಯಿ ಹೇಳಿ ಕಳಿಸ್ದ. ಕೋಪ ಅದರ ಪಾಡಿಗೆ ಅದಿರಲಿ ಅಂತ ನಾನೂ ನನ್ನ ಗಂಡಾನೂ ಹೊರಟ್ವಿ.

ನಾವು ಹೋಗೋ ಹೊತ್ತಿಗೆ ವ್ಯಾನು ಮನೆ ಮುಂದೆ ನಿಂತಿತ್ತು. ಆದ್ರೆ ಹೆಣ ಇಳಿಸಿರಲಿಲ್ಲ. ಸಂಘದ ಹಳಬರೆಲ್ಲ ಗುಂಪಾಗಿ ನಿಂತು ಪಿಸಪಿಸ ಅಂತಿದ್ರು. ಗೇಟಲ್ಲಿ ಮನೆ ಓನರ್ರು. ಅವರೇನೂ ಕೂಗಾಡ್ತಿರಲಿಲ್ಲ. ಕೈ ಮುಗಿದೇ ಹೇಳ್ತಿದ್ರು. "ತಪ್ಪು ತಿಳ್ಕೋಬೇಡಿ. ಅವರ ಮೇಲೆ ನನಗೂ ಗೌರವ ಇದೆ. ಒಂದು ತಿಂಗಳೂ ಬಾಡಿಗೆ ತಡ ಮಾಡಿದವರಲ್ಲ. ಆದ್ರೆ ಮೇಲ್ಗಡೆ ಸೊಸೆ ಹಸೀ ಬಾಣಂತಿ. ಹೆಣ ಕಾಂಪೌಂಡ್ ಒಳಗೆ ಬೇಡ. ಅಲ್ಲೇ ಹೊರಗೆ ಮುಗಿಸ್ಕೊಳ್ಳಿ."

ಎಷ್ಟೋ ವರ್ಷ ಬಾಡಿಗೆ ಕಟ್ಟಿದ ಮನೆ ಅದು! ಆ ಹೊಸ್ತಿಲು ದಾಟಿಸಿ ಒಂದು ಗಳಿಗೆ ಅವರನ್ನ ನಡುಮನೇಲಿ ಮಲಗಿಸೋ ಹಾಗಿಲ್ಲ. ಮಗಳು ಸೇಲಮ್ಮಿಂದ ಬರೋ ರೈಲು ದಂಡು ಸ್ಟೇಷನ್ನಿಗೆ ಮಧ್ಯಾಹ್ನದ ಮೇಲೆ. ಅಲ್ಲೀವರೆಗೆ? ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟಿಗೆ ಹೋದೆ. ಏನು ಬೈದೆ, ಎಷ್ಟು ಬೈದೆ ನನಗೇ ನೆನಪಿಲ್ಲ. ಬೀದಿ ಕಿಟಕಿಗಳೆಲ್ಲ ತೆರ್ಕೊಂಡ್ವು. ಓನರ್ರು ತಲೆ ತಗ್ಗಿಸಿದ್ರೇ ಹೊರತು ಗೇಟ್ ತೆಗೀಲಿಲ್ಲ. ಹಳೇ ಅಧ್ಯಕ್ಷರು ಬಂದು, "ಬಿಡಮ್ಮ, ಜನ ನೋಡ್ತಿದ್ದಾರೆ" ಅಂತ ನನ್ನನ್ನೇ ಸುಮ್ಮನಾಗಿಸಿದ್ರು.

ಕೊನೆಗೆ ರಸ್ತೆ ಅಂಚಲ್ಲಿ ಮೋರಿ ಪಕ್ಕ ಚಾಪೆ ಹಾಸಿ ಇಳಿಸಿದ್ರು. ಭಾಯಿ ಶಿವಾಜಿನಗರಕ್ಕೆ ಓಡಿ ಒಂದು ಟಾರ್ಪಾಲು, ಎರಡು ದಿಮ್ಮಿ ಐಸು ತಂದ. ನನ್ನ ಗಂಡ ನಾಲ್ಕು ಬೊಂಬು ನೆಟ್ಟು ಟಾರ್ಪಾಲು ಕಟ್ಟಿದ್ರು. ಬಸ್ಸುಗಳು ಹಾರನ್ ಹಾಕ್ತಾ ಪಕ್ಕದಲ್ಲೇ ಹೋಗ್ತಿದ್ವು. ಧೂಳು ಅವರ ಮುಖದ ಮೇಲೆ ಕೂರ್ತಿತ್ತು, ನಾನು ಬೀಸಣಿಗೆ ತಗೊಂಡು ಅಲ್ಲೇ ಕೂತೆ. ಸಿಟ್ಟಿಗೆ ಕಣ್ಣೀರು ದಳದಳ ಇಳೀತಿತ್ತು. ಓನರ್ರ ಮೇಲಲ್ಲ, ಮಲಗಿದ್ರಲ್ಲ, ಅವರ ಮೇಲೇ. ಎದ್ದೇಳಿ ಸಾರ್, ನೋಡಿ ಎಲ್ಲಿ ಮಲಗಿದ್ದೀರ ಅಂತ ಕಿರಿಚ್ಬೇಕು ಅನ್ನಿಸ್ತಿತ್ತು.

ಅವರ ಹೆಂಡತಿ ಬೆಳಗಿಂದ ಒಂದು ಹನಿ ಅತ್ತಿರಲಿಲ್ಲ. ಗಂಡನ ತಲೆ ಹತ್ರ ಕಲ್ಲಿನ ಹಾಗೆ ಕೂತಿದ್ರು. ಎಷ್ಟೋ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ಬೀಸಣಿಗೆ ಹಿಡಿದಿದ್ದ ಕೈ ಹಿಡ್ಕೊಂಡ್ರು.

"ಅವತ್ತು ಸ್ಕೂಲ್ ಶೆಡ್ಡಲ್ಲಿ ಇವರನ್ನ ಬೈದದ್ದು ನೀನೇ ಅಲ್ವಾ?"

ಶಾಪ ಹಾಕ್ತಾರೆ ಅಂದ್ಕೊಂಡೆ. "ಹೌದಮ್ಮ, ನಾನೇ" ಅಂದೆ.

"ಇವರಿಗೆ ಮಜ್ಜಿಗೆ ತಂದಿದ್ದೆ. ಬಾಗಿಲ ಆಚೆ ನಿಂತು ಎಲ್ಲ ಕೇಳಿಸ್ಕೊಂಡೆ. ಮನೇಲಿ ನಾನು ಹೇಳಿ ಹೇಳಿ ಸಾಕಾಗಿತ್ತು. ನೀನು ಎದ್ದು ನಿಂತಾಗ, ಅಪ್ಪಾ, ಒಬ್ಬಳಾದ್ರೂ ಕೇಳಿದ್ಲಲ್ಲಾ ಅಂದ್ಕೊಂಡೆ." ಒಂದು ಬಸ್ಸು ಹೋಯ್ತು. ಅವರು ಸೆರಗಿಂದ ಗಂಡನ ಹಣೆ ಮೇಲಿನ ಧೂಳು ಒರೆಸಿದ್ರು. ಆಮೇಲೆ ನನ್ನ ಮುಖಾನೇ ನೋಡ್ತಾ ಕೇಳಿದ್ರು.

"ಅಧ್ಯಕ್ಷರು ಕೂತ್ಕೋ ಅಂದ ತಕ್ಷಣ ಯಾಕಮ್ಮಾ ಕೂತ್ಬಿಟ್ಟೆ?"